ಬೆಚ್ಚಿಬಿದ್ದವರು ಅಂಜುಬುರುಕರಲ್ಲ

ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಲಿಂಕು ಬರುತ್ತದೆ. ಅದರ ಮೇಲೆ ಒಂದು ಸಾಲು: ‘ಈ ವಿಡಿಯೋದಾಗ ಎಷ್ಟ್ ಎತ್ತು ಅದಾವ, ಲಕ್ಷ್ಯ ಕೊಟ್ಟು ನೋಡಿ ಹೇಳ್ರಿ.’ ಇಲ್ಲವೇ, ‘ಸೌಂಡ್ ಜಾಸ್ತಿ ಇಟ್ಟು ಕೇಳ್ರಿ, ಭಾಳ ಛಲೋ ಐತಿ.’ ಒತ್ತಿದರೆ ಹಸಿರು ಹೊಲ, ದೂರದ ಗುಡ್ಡ, ಮೆಲ್ಲನೆಯ ಸಂಗೀತ. ನೋಡುವವರು ಕಣ್ಣು ಕಿರಿದು ಮಾಡಿ ಫೋನನ್ನು ಮುಖದ ಹತ್ತಿರಕ್ಕೆ ತರುತ್ತಾರೆ. ಹತ್ತು-ಹದಿನೈದು ಸೆಕೆಂಡು ಏನೂ ಆಗುವುದಿಲ್ಲ. ಒಮ್ಮೆಲೇ ಪರದೆಯ ತುಂಬ ಬಾಯಿ ತೆರೆದ ವಿಕಾರ ಮುಖ, ಕಿವಿ ಹರಿಯುವಂಥ ಚೀರಾಟ. ಫೋನು ಕೈಜಾರುತ್ತದೆ, ‘ಯವ್ವಾ’ ಎಂಬ ಕೂಗು ತಾನಾಗಿ ಹೊರಬೀಳುತ್ತದೆ, ಪಕ್ಕದಲ್ಲಿ ಇದಕ್ಕೇ ಕಾದು ಕುಳಿತವರು ಬಿದ್ದುಬಿದ್ದು ನಗುತ್ತಾರೆ. ಜಗತ್ತಿನ ಎಲ್ಲ ಕಡೆ ಹಬ್ಬಿರುವ ಈ ಚೇಷ್ಟೆಗೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಹಳ್ಳಿಗಳು ಹೊರತಾಗಬೇಕಾದ ಕಾರಣವೇನೂ ಇಲ್ಲ. ನಗುವವರು ಎದುರಿನವರ ಅಂಜಿಕೆಗೆ ನಗುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಅದು ಸರಿಯಲ್ಲ. ಬೆಚ್ಚಿಬೀಳುವುದಕ್ಕೂ ಒಬ್ಬರ ಧೈರ್ಯಕ್ಕೂ ಸಂಬಂಧ ಬಲು ಕಡಿಮೆ. ಆ ಲಿಂಕು ಕೆಲಸ ಮಾಡುವುದು ಕಳಿಸಿದವರ ಮೇಲೆ ಇಟ್ಟ ಭರವಸೆಯ ಬಲದಿಂದ. ಕೊನೆಗೆ ಖರ್ಚಾಗುವುದೂ ಆ ಭರವಸೆಯೇ. ಹಳ್ಳಿಯಲ್ಲಿ ಇವತ್ತು ಆ ಖರ್ಚು ಸಣ್ಣದಲ್ಲ.

ಚೇಷ್ಟೆಯ ವಂಶಾವಳಿ ದೊಡ್ಡದೇನಲ್ಲ. 2000ರ ದಶಕದ ಆರಂಭದಲ್ಲಿ ಜೆರೆಮಿ ವಿಂಟರ್‌ರೌಡ್ ಎಂಬಾತ ಕಂಪ್ಯೂಟರಿನಲ್ಲಿ ಆಡುವ ಒಂದು ಚಕ್ರವ್ಯೂಹದ ಆಟ ಮಾಡಿದ. ಮೌಸ್ ಹಿಡಿದು ಒಂದು ಚುಕ್ಕೆಯನ್ನು ಗೋಡೆಗೆ ತಾಗದಂತೆ ದಾರಿಯಲ್ಲಿ ನಡೆಸಬೇಕು. ಮೂರನೆಯ ಹಂತಕ್ಕೆ ಬರುವ ಹೊತ್ತಿಗೆ ದಾರಿ ಎಳೆಯಷ್ಟು ಕಿರಿದಾಗಿ, ಆಡುವವರು ಉಸಿರು ಬಿಗಿಹಿಡಿದು ಪರದೆಗೆ ಮುಖ ಒಡ್ಡಿರುವಾಗ, 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರದ ದೆವ್ವ ಹಿಡಿದ ಹುಡುಗಿಯ ಮುಖ ಚೀರುತ್ತ ಎದುರಿಗೆ ಬರುತ್ತಿತ್ತು. 2004ರ ಸುಮಾರಿಗೆ ಜರ್ಮನಿಯ ಒಂದು ಕಾಫಿ ಪಾನೀಯದ ಜಾಹೀರಾತೂ ಇದೇ ಉಪಾಯ ಮಾಡಿತು: ಹಸಿರು ಗುಡ್ಡದ ನಡುವೆ ಕಾರೊಂದು ಹಾಯಾಗಿ ಸಾಗುತ್ತಿರುವಾಗ ನಡುವೆ ಪ್ರೇತ ಎದ್ದು ಕಿರುಚುತ್ತದೆ, ಇಷ್ಟು ಎಚ್ಚರ ನಿಮಗೆಂದೂ ಆಗಿರಲಿಲ್ಲ ಎನ್ನುವುದು ಅದರ ಮಾತು. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಮೋಜು ಎರಡಂತಸ್ತಿನದಾಯಿತು. ಬೆಚ್ಚಿಸುವುದಕ್ಕಿಂತ, ಬೆಚ್ಚಿದವರನ್ನು ಚಿತ್ರಿಸಿ ಊರಿಗೆಲ್ಲ ತೋರಿಸುವುದು ಮುಖ್ಯವಾಯಿತು. ತನ್ನಷ್ಟಕ್ಕೆ ತಾನೇ ಸದ್ದು ಮಾಡುವ ವಿಡಿಯೋಗಳನ್ನು ಕ್ರೋಮ್ ಬ್ರೌಸರ್ 2018ರಲ್ಲಿ ತಡೆದದ್ದರಿಂದ, ಹಳೆಯ ಆಟಗಳು ಓಡುತ್ತಿದ್ದ ಫ್ಲ್ಯಾಶ್ 2020ರ ಕೊನೆಗೆ ಮುಚ್ಚಿದ್ದರಿಂದ, ಈ ಚೇಷ್ಟೆ ಸಾಯಬೇಕಿತ್ತು. ಸಾಯಲಿಲ್ಲ. ನೋಡುವವರೇ ಒತ್ತುವಂತೆ, ನೋಡುವವರೇ ಸದ್ದು ಏರಿಸುವಂತೆ ಮಾಡುವ ಮಾತುಗಾರಿಕೆಯನ್ನು ಅದು ಕಲಿಯಿತು. ‘ಲಕ್ಷ್ಯ ಕೊಟ್ಟು ನೋಡ್ರಿ’ ಎಂಬ ಆ ಒಂದು ಸಾಲು ಈಗ ಇಡೀ ಯಂತ್ರದ ಕೀಲಿ.

ಈಗ ಮೈಯೊಳಗೆ ಆಗುವುದನ್ನು ನೋಡೋಣ. ಸದ್ದು ಜೋರಾಗಿದ್ದರಷ್ಟೇ ಸಾಲದು, ಒಮ್ಮೆಗೇ ಏರಬೇಕು. ಹಾಗೆ ಏರಿದ ಸದ್ದು ಕಿವಿಯ ನರದಿಂದ ಮೆದುಳಿನ ಬುಡದ ಕಾಂಡಕ್ಕೆ ಹೋಗಿ ಅಲ್ಲಿಂದಲೇ ಕತ್ತು, ಭುಜ, ತೋಳುಗಳಿಗೆ ಆಜ್ಞೆಯಾಗಿ ಇಳಿಯುತ್ತದೆ. ಯೋಚಿಸುವ ಮೆದುಳಿನ ಒಪ್ಪಿಗೆಗೆ ಅದು ಕಾಯುವುದಿಲ್ಲ. ಕಣ್ಣೆವೆ ಮುಚ್ಚಲು ಒಂದು ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದಷ್ಟು ಹೊತ್ತು ಸಾಕು. ಬೇಕೆಂದು ಬೆರಳು ಅಲ್ಲಾಡಿಸಲು ಅದರ ಮೂರು-ನಾಲ್ಕು ಪಟ್ಟು ಬೇಕು. ಎಂದರೆ ‘ಇದು ಬರೀ ವಿಡಿಯೋ’ ಎಂದು ಮನಸ್ಸಿಗೆ ಹೊಳೆಯುವ ಹೊತ್ತಿಗೆ ಮೈ ಆಗಲೇ ಹಾರಿರುತ್ತದೆ. 1939ರಲ್ಲಿ ಲ್ಯಾಂಡಿಸ್ ಮತ್ತು ಹಂಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಈ ವಿಷಯಕ್ಕೇ ಒಂದು ಪುಸ್ತಕ ಬರೆದರು. ಪಿಸ್ತೂಲಿನ ಸದ್ದು ಕೇಳಿಸಿ ಜನರನ್ನು ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದಾಗ ಒಂದೇ ವಿನ್ಯಾಸ ಮತ್ತೆ ಮತ್ತೆ ಕಂಡಿತು: ಕಣ್ಣು ಮುಚ್ಚುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ, ಭುಜ ಏರುತ್ತದೆ, ಮೊಣಕೈ ಮಡಚುತ್ತದೆ, ಮುಷ್ಟಿ ಬಿಗಿಯುತ್ತದೆ, ಮೊಣಕಾಲು ಕುಸಿಯುತ್ತದೆ. ಸದ್ದು ರೂಢಿಯಾದಂತೆ ಉಳಿದದ್ದು ಕಡಿಮೆಯಾಗಬಹುದು, ಕಣ್ಣೆವೆಯ ಮಿಟುಕು ಮಾತ್ರ ಹಟ ಹಿಡಿದು ಉಳಿಯುತ್ತದೆ. ಕತ್ತು-ಹೊಟ್ಟೆ ಕಾಪಾಡಿಕೊಳ್ಳಲು ಮೈ ತಾನೇ ಮುದುಡಿಕೊಳ್ಳುವ ಈ ಏರ್ಪಾಟು ನಮ್ಮ ಪೂರ್ವಜರನ್ನು ಉಳಿಸಿದ್ದು. ಮುದುಡದೆ ನಿಂತು ಯೋಚಿಸಿದವರ ಸಂತತಿ ಬಹುಶಃ ಹೆಚ್ಚು ಉಳಿದಿಲ್ಲ.

ಇದನ್ನು ಮನಸ್ಸಿನ ಬಲದಿಂದ ತಡೆಯಬಹುದು ಎನ್ನುವವರಿಗೆ ಚಾರ್ಲ್ಸ್ ಡಾರ್ವಿನ್‌ ಉತ್ತರ ಕೊಟ್ಟಿದ್ದಾನೆ. ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ವಿಷದ ಹಾವೊಂದರ ಗೂಡಿನ ದಪ್ಪ ಗಾಜಿಗೆ ಮುಖ ಒತ್ತಿ, ಏನೇ ಆದರೂ ಹಿಂದೆ ಸರಿಯುವುದಿಲ್ಲ ಎಂದು ಗಟ್ಟಿ ನಿರ್ಧಾರ ಮಾಡಿ ನಿಂತ. ಹಾವು ಗಾಜಿಗೆ ಹೊಡೆದದ್ದೇ ತಡ, ನಿರ್ಧಾರ ಎಲ್ಲಿ ಹೋಯಿತೋ, ಒಂದೆರಡು ಗಜ ಹಿಂದಕ್ಕೆ ಹಾರಿದ್ದ. ಮನುಷ್ಯ ಮತ್ತು ಪ್ರಾಣಿಗಳ ಭಾವನೆಗಳ ಕುರಿತ ತನ್ನ 1872ರ ಪುಸ್ತಕದಲ್ಲಿ ಅವನೇ ಇದನ್ನು ಬರೆದಿದ್ದಾನೆ. ಗಾಜು ಇದೆ ಎಂದು ಗೊತ್ತಿದ್ದ, ಹಾವನ್ನು ಕಣ್ಣೆದುರಿಗೇ ಇಟ್ಟುಕೊಂಡಿದ್ದ, ಜಗತ್ತಿನ ಚಿಂತನೆಯನ್ನೇ ತಿರುಗಿಸಿದ ತಲೆಯೂ ಮೆದುಳುಕಾಂಡದ ಮುಂದೆ ಸೋತಿತು. ಹಾಗಿರುವಾಗ ಎತ್ತು ಎಣಿಸುತ್ತ ಕುಳಿತ ಮುದುಕಿಯೊಬ್ಬಳು ಚೀರಿದರೆ ಅವಳ ಎದೆಗಾರಿಕೆಯ ಬಗ್ಗೆ ಯಾವ ಸುದ್ದಿಯೂ ಸಿಗುವುದಿಲ್ಲ. ರಾತ್ರಿ ಹೊತ್ತು ಒಬ್ಬಳೇ ಹೊಲಕ್ಕೆ ನೀರು ಕಟ್ಟಲು ಹೋಗುವ ಹೆಂಗಸೂ ಬೆಚ್ಚುತ್ತಾಳೆ, ಮನೆ ಬಿಟ್ಟು ಹೊರಬರದವನೂ ಬೆಚ್ಚುತ್ತಾನೆ. ಜನರ ನಡುವೆ ವ್ಯತ್ಯಾಸ ಇಲ್ಲವೆಂದಲ್ಲ. ಕೆಲವರು ತುಸು, ಕೆಲವರು ತುಂಬ ಹಾರುತ್ತಾರೆ. ಕತ್ತಲಲ್ಲಿ ಎಲ್ಲರೂ ಹೆಚ್ಚು ಹಾರುತ್ತಾರೆ. ಹಿಂದೆ ದೊಡ್ಡ ಆಘಾತ ಉಂಡವರು ಸಣ್ಣ ಸದ್ದಿಗೂ ಹಾರುತ್ತಾರೆ. ವೈದ್ಯರು ಅದನ್ನು ಆಘಾತೋತ್ತರ ತೊಂದರೆಯ ಲಕ್ಷಣಗಳಲ್ಲಿ ಒಂದಾಗಿ ಎಣಿಸುತ್ತಾರೆ. ಇವೆಲ್ಲ ನರದ ಲೆಕ್ಕ, ಗುಣದ ಲೆಕ್ಕವಲ್ಲ.

ಗುಣ, ಸಂಬಂಧ, ಸಂಸ್ಕೃತಿ ಎಲ್ಲ ಬರುವುದು ಮರುಕ್ಷಣದಲ್ಲಿ. ಎದೆ ಧಸಕ್ಕೆಂದು, ಜೀವ ಬಾಯಿಗೆ ಬಂದು, ಇನ್ನೂ ಬಡಿತ ಇಳಿಯದಿರುವಾಗ ಮನಸ್ಸು ಒಂದೇ ಪ್ರಶ್ನೆ ಕೇಳುತ್ತದೆ: ಇದನ್ನು ಯಾರು, ಯಾಕೆ ಮಾಡಿದರು? ಆಗಲೇ ಏರಿದ ರಕ್ತ ಉತ್ತರಕ್ಕೆ ತಕ್ಕಂತೆ ಬಣ್ಣ ಪಡೆಯುತ್ತದೆ. ಕಳಿಸಿದವನು ವಾರಿಗೆಯ ಗೆಳೆಯ, ನಾಳೆ ನಾನೂ ಅವನಿಗೆ ಇದನ್ನೇ ಮಾಡಬಲ್ಲೆ ಎಂಬ ಸಲಿಗೆ ಇದ್ದರೆ ಅದೇ ಬಡಿತ ನಗುವಾಗುತ್ತದೆ. ಒಂದು ಹೊಲಸು ಬೈಗುಳ, ಬೆನ್ನಿಗೊಂದು ಗುದ್ದು, ಕತೆ ಮುಗಿಯಿತು. ಕಳಿಸಿದವನು ಮೇಲಿನವನಾಗಿದ್ದು ತಿರುಗಿ ಕೊಡುವ ಅವಕಾಶ ಇಲ್ಲವಾದರೆ ಸಿಟ್ಟು ಒಳಗೇ ಉಳಿಯುತ್ತದೆ. ಚಿಕ್ಕ ಮಗುವಾದರೆ ಅಳುತ್ತದೆ, ಯಾಕೆಂದರೆ ಅದಕ್ಕೆ ಪರದೆಯ ಮುಖಕ್ಕೂ ಮನೆಯ ಕತ್ತಲ ಮೂಲೆಗೂ ನಡುವೆ ಗೋಡೆ ಇನ್ನೂ ಎದ್ದಿಲ್ಲ. ‘ಅಂಜಿ ಜ್ವರಾ ಬಂದಾವ’ ಎಂದು ಮಗುವನ್ನು ಹಿರಿಯರು ಅಂತ್ರ ಕಟ್ಟಿಸಲು ಕರೆದೊಯ್ಯುತ್ತಾರೆ. ಜ್ವರಕ್ಕೆ ಕಾರಣ ಬೇರೆಯೇ ಇರಬಹುದು. ಆದರೆ ಆ ಮನೆಯಲ್ಲಿ ಆ ದಿನದಿಂದ ಫೋನು ದೆವ್ವದ ಲೆಕ್ಕಕ್ಕೆ ಸೇರುತ್ತದೆ. ಒಂದೇ ವಿಡಿಯೋ, ಒಂದೇ ಬೆಚ್ಚು, ಇಷ್ಟು ಬೇರೆ ಬೇರೆ ಫಲ. ಬದಲಾದದ್ದು ಕಳಿಸಿದವರಿಗೂ ಪಡೆದವರಿಗೂ ಇರುವ ನಂಟು ಮಾತ್ರ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ನಮ್ಮ ಊರುಗಳಲ್ಲಿ ಬೆಚ್ಚಿಸುವುದು ಯಾವಾಗ ಇರಲಿಲ್ಲ? ಮೊಹರಂ ಹಬ್ಬದಲ್ಲಿ ಹರಕೆ ಹೊತ್ತು ಹುಲಿವೇಷ ಹಾಕಿದವನು ಕೇರಿಯ ಹುಡುಗರ ಮೇಲೆ ಹಾರಿ ಬರುತ್ತಾನೆ. ದೊಡ್ಡಾಟದಲ್ಲಿ ರಾಕ್ಷಸ ಪಾತ್ರ ಅಬ್ಬರಿಸಿಕೊಂಡೇ ರಂಗಕ್ಕೆ ಬರುತ್ತದೆ. ಕರಾವಳಿಯ ಯಕ್ಷಗಾನದ ಬಣ್ಣದ ವೇಷ ತೆರೆಯ ಹಿಂದಿನಿಂದ ಗರ್ಜಿಸಿ, ರಾಳದ ಬೆಂಕಿ ಭುಗ್ಗೆನ್ನುವ ನಡುವೆ ಮುಖ ತೋರಿಸುತ್ತದೆ. ಹೋಳಿಯ ಸೋಗಿನ ಬಂಡಿಯಲ್ಲಿ ಯಾರು ಯಾವ ರೂಪದಲ್ಲಿ ಇರುತ್ತಾರೋ ಹೇಳುವಂತಿಲ್ಲ. ಉಣ್ಣದ ಮಗುವಿಗೆ ಗುಮ್ಮನನ್ನು ಕರೆಯದ ತಾಯಿ ಎಲ್ಲಿದ್ದಾಳೆ? ಹಾಗಾದರೆ ಒಂದು ಲಿಂಕಿನ ಮೇಲೇಕೆ ಇಷ್ಟು ಸಿಟ್ಟು? ಆದರೆ ಆ ಎಲ್ಲ ಪದ್ಧತಿಗಳನ್ನು ಹತ್ತಿರದಿಂದ ನೋಡಿದರೆ ಅವುಗಳಲ್ಲಿ ಒಂದು ಸಾಮಾನ್ಯ ಅಂಶ ಕಾಣುತ್ತದೆ. ಹಲಗೆಯ ಸದ್ದು ಮೊದಲು ಬರುತ್ತದೆ, ಹುಲಿ ಆಮೇಲೆ. ಹಬ್ಬದ ದಿನ ಎಲ್ಲರಿಗೂ ಗೊತ್ತು. ಅಂಜುವ ಮಗುವನ್ನು ಎತ್ತಿಕೊಳ್ಳಲು ಅಪ್ಪನ ಹೆಗಲು ಪಕ್ಕದಲ್ಲೇ ಇರುತ್ತದೆ, ಬೇಡವಾದವರು ಬಾಗಿಲು ಮುಚ್ಚಿಕೊಂಡು ಒಳಗಿರಬಹುದು, ಹುಲಿಯ ಬಣ್ಣದ ಕೆಳಗೆ ಯಾವ ಮನೆಯ ಹುಡುಗ ಇದ್ದಾನೆಂದು ಅರ್ಧ ಊರಿಗೆ ಗೊತ್ತಿರುತ್ತದೆ. ಬೆಚ್ಚಿಸುವವನು ಹುಲಿಯಾಗಿಯೇ ಬರುತ್ತಾನೆ. ಊಟಕ್ಕೆ ಕರೆಯಲು ಬಂದ ಬೀಗನಂತೆ ಬಂದು ಹುಲಿಯಾಗುವುದಿಲ್ಲ.

ಬೆಚ್ಚಿಸುವುದು ನೋಟವಲ್ಲ, ಅದು ಬರುವ ರೀತಿ ಎಂಬುದಕ್ಕೆ ಇನ್ನೊಂದು ಸಾಕ್ಷಿ ಅಣ್ಣಿಗೇರಿಯಲ್ಲೇ ಇದೆ. 2010ರಲ್ಲಿ ಅಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಮನುಷ್ಯರ ತಲೆಬುರುಡೆಗಳು ಸಿಕ್ಕವು. ಒಂದಲ್ಲ, ಎರಡಲ್ಲ, ಅಗೆದಂತೆ ನೂರಾರು. ಪುರಾತತ್ವ ಇಲಾಖೆಯವರು ಬಂದರು. ಬರಗಾಲಕ್ಕೆ ಸತ್ತವರೋ, ಯುದ್ಧದಲ್ಲಿ ಕಡಿದವರೋ, ಯಾವ ಶತಮಾನದವರೋ ಎಂದು ರಾಜ್ಯದಲ್ಲೆಲ್ಲ ಚರ್ಚೆ ನಡೆಯಿತು. ಪರದೆಯ ಮೇಲಿನ ಯಾವ ಬಣ್ಣ ಬಳಿದ ಮುಖಕ್ಕಿಂತಲೂ ಭಯಂಕರವಾಗಬೇಕಾದ ದೃಶ್ಯ ಅದು, ಮೇಲಾಗಿ ನಿಜವಾದದ್ದು. ಆದರೂ ಅದು ಜನರಲ್ಲಿ ಎಬ್ಬಿಸಿದ್ದು ಕುತೂಹಲ ಮತ್ತು ಮರುಕ, ಚೀರಾಟವಲ್ಲ. ಏನು ನೋಡಲು ಹೋಗುತ್ತಿದ್ದೇವೆ ಎಂದು ಗೊತ್ತಿದ್ದು ಹೋದರು, ನಿಂತು ನೋಡಿದರು, ತಮಗೆ ಬೇಕಾದಾಗ ತಿರುಗಿ ಬಂದರು. ಭಯಾನಕವಾದದ್ದೇ ಬೆಚ್ಚಿಸುತ್ತದೆ ಎಂದಿಲ್ಲ. ತುಂಬ ಸುಂದರವಾದ ಹೂವಿನ ಚಿತ್ರವನ್ನೂ ಕಿವಿಗಡಚಿಕ್ಕುವ ಸದ್ದಿನೊಡನೆ ಒಮ್ಮೆಲೇ ತೋರಿಸಿದರೆ ಮೈ ಹಾರುತ್ತದೆ. ವಿಕಾರ ಮುಖ ಬೇಕಾಗುವುದು ಬೆಚ್ಚಿದ ಮೇಲೆ ಮನಸ್ಸನ್ನು ಕೆದಕಲು.

ಲಿಂಕಿನ ಚೇಷ್ಟೆ ಹಳ್ಳಿಗೆ ಬಂದಾಗ ಪಟ್ಟಣಕ್ಕಿಂತ ಬೇರೆಯಾಗುವುದು ಫೋನು ಬಳಸುವ ರೀತಿಯಿಂದ. ಪಟ್ಟಣದಲ್ಲಿ ಫೋನು ಒಬ್ಬರದು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಅದು ಕೈಯಿಂದ ಕೈಗೆ ಹೋಗುವ ವಸ್ತು. ಮಗನ ಹೆಸರಿಗೆ ಬಂದ ಮೆಸೇಜನ್ನು ತಾಯಿ ಒತ್ತುತ್ತಾಳೆ, ಅಜ್ಜನ ಫೋನು ಮೊಮ್ಮಗಳ ಪಾಠಕ್ಕೆ ಹೋಗಿರುತ್ತದೆ. ವಾರಿಗೆಯವನಿಗೆಂದು ಬಿಟ್ಟ ಬಾಣ ಯಾರಿಗೆ ನಾಟುತ್ತದೆಂದು ಬಿಟ್ಟವನಿಗೇ ಗೊತ್ತಿರುವುದಿಲ್ಲ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಸದ್ದು ತಗ್ಗಿಸಿ ನೋಡುವ ರೂಢಿಯೂ ಹಿರಿಯರಲ್ಲಿ ಕಡಿಮೆ. ಟ್ರ್ಯಾಕ್ಟರು, ಗಾಳಿಯ ಸದ್ದಿನ ನಡುವೆ ಕೇಳಬೇಕಾದ್ದರಿಂದ ವಾಲ್ಯೂಮ್ ಯಾವಾಗಲೂ ತುದಿಯಲ್ಲೇ ಇರುತ್ತದೆ. ಕಣ್ಣು ಮಂಜಾದವರು ಪರದೆಯನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ. ಚೇಷ್ಟೆ ಮಾಡಿದವರು ಬಯಸಿದ್ದಕ್ಕಿಂತ ಹೆಚ್ಚು ಪೆಟ್ಟು, ಬಯಸದಿದ್ದ ಮನುಷ್ಯರಿಗೆ, ಹೀಗೆ ಬೀಳುತ್ತದೆ.

ಇನ್ನೂ ದೊಡ್ಡ ಮಾತು ಲಿಂಕಿನ ಮೂಲಕ ಏನೇನು ಬರುತ್ತದೆ ಎಂಬುದು. ಪಿಎಂ-ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ ಮೂರು ಕಂತಾಗಿ ಬರುತ್ತದೆ. ಕಂತು ಜಮಾ ಆಯಿತೋ ಇಲ್ಲವೋ, ಇ-ಕೆವೈಸಿ ಮಾಡಿಸಬೇಕೋ ಬೇಡವೋ ಎಂಬ ಸುದ್ದಿ ಮೊದಲು ಬರುವುದು ಗ್ರೂಪಿಗೆ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯ ಮಾತೂ ಅಲ್ಲೇ. ಬೆಳೆವಿಮೆ ಕಟ್ಟಲು ಕೊನೆಯ ದಿನ, ಅಮರಗೋಳದ ಎಪಿಎಂಸಿಯಲ್ಲಿ ಇವತ್ತು ಕಡಲೆ-ಹೆಸರಿನ ದರ, ಬ್ಯಾಡಗಿ ಮೆಣಸಿನಕಾಯಿ ಏರಿತೋ ಇಳಿಯಿತೋ, ಶಾಲೆಗೆ ರಜೆ ಇದೆಯೋ ಇಲ್ಲವೋ, ಎಲ್ಲವೂ ನೀಲಿ ಅಕ್ಷರದ ಒಂದು ಸಾಲು. ಓದು ಕಡಿಮೆಯಿದ್ದವರು ಆ ಸಾಲಿನ ವಿಳಾಸ ನೋಡಿ ನಿರ್ಧರಿಸುವುದಿಲ್ಲ, ನೋಡಿದರೂ ತಿಳಿಯುವುದಿಲ್ಲ. ಅವರು ನೋಡುವುದು ಕಳಿಸಿದವರ ಹೆಸರು. ‘ನಮ್ಮ ಬಸಣ್ಣ ಹಾಕ್ಯಾನ ಅಂದ್ರ ಖರೇನ ಇರತೈತಿ’ ಎನ್ನುವುದು ಹಳ್ಳಿಯ ಇಂಟರ್‌ನೆಟ್ಟಿನ ಭದ್ರತಾ ವ್ಯವಸ್ಥೆ, ಮತ್ತು ಅದು ಅಷ್ಟೇನೂ ಕೆಟ್ಟದ್ದಲ್ಲ. ಬೆಚ್ಚಿಸುವ ಲಿಂಕು ಹೊಡೆಯುವುದು ನೇರವಾಗಿ ಅದಕ್ಕೇ. ಒಮ್ಮೆ ಪೆಟ್ಟು ತಿಂದವರು ಎರಡರಲ್ಲಿ ಒಂದು ಮಾಡುತ್ತಾರೆ: ಬಸಣ್ಣನ ಮುಂದಿನ ಲಿಂಕನ್ನು ಒತ್ತುವುದಿಲ್ಲ, ಇಲ್ಲವೇ ಫೋನನ್ನೇ ಹುಡುಗರ ಕೈಗೆ ಕೊಟ್ಟು ‘ನೀವ ನೋಡ್ರಿ, ನಮಗ ಬ್ಯಾಡ’ ಎನ್ನುತ್ತಾರೆ. ಎರಡನೆಯದನ್ನು ಹೆಚ್ಚು ಮಾಡುವವರು ಹೆಂಗಸರು ಮತ್ತು ಮುದುಕರು. ಸ್ವಂತ ಖಾತೆಗೆ ಬಂದ ದುಡ್ಡಿನ ಸುದ್ದಿಗೂ ಇನ್ನೊಬ್ಬರ ಕಣ್ಣಿನ ಮೇಲೆ ಅವಲಂಬಿಸುವ ಸ್ಥಿತಿ ಅಲ್ಲಿಗೆ ಇನ್ನಷ್ಟು ಗಟ್ಟಿಯಾಗುತ್ತದೆ.

ಹಾಗೆ ಸಂಶಯ ಬರುವುದೇ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಸಿಕ್ಕ ಸಿಕ್ಕ ಲಿಂಕು ಒತ್ತಿ ಖಾತೆ ಬರಿದು ಮಾಡಿಕೊಳ್ಳುವ ಕಾಲದಲ್ಲಿ, ಯಾವ ನಷ್ಟವೂ ಇಲ್ಲದ ಒಂದು ಬೆಚ್ಚು ಲಸಿಕೆಯಂತೆ ಕೆಲಸ ಮಾಡೀತು ಎಂಬುದು ಅವರ ವಾದ. ಕೇಳಲು ಚೆನ್ನಾಗಿದೆ. ಆದರೆ ದುಡ್ಡು ಹೊಡೆಯುವವರ ಕೈಚಳಕ ನೋಡಿದರೆ ಈ ಪಾಠ ಉಪಯೋಗಕ್ಕೆ ಬಾರದು ಎಂದು ತಿಳಿಯುತ್ತದೆ. ಈಚಿನ ವರ್ಷಗಳಲ್ಲಿ ಹೆಚ್ಚು ಕೇಳಿಬರುವ ಮೋಸ ಎಪಿಕೆ ಫೈಲಿನದು. ಮದುವೆ ಕರೆಯೋಲೆ, ಪಿಎಂ-ಕಿಸಾನ್, ವಾಹನದ ದಂಡದ ಚಲನ್ ಎಂಬ ಹೆಸರು ಹೊತ್ತು ವಾಟ್ಸ್‌ಆ್ಯಪ್‌ಗೆ ಒಂದು ಫೈಲು ಬರುತ್ತದೆ. ಹೆಸರಿನ ಬಾಲದಲ್ಲಿ ಚುಕ್ಕೆ ಇಟ್ಟು ಎಪಿಕೆ ಎಂದಿರುತ್ತದೆ. ಒತ್ತಿದ ಕೂಡಲೇ ಏನೂ ಆಗುವುದಿಲ್ಲ. ಗೊತ್ತಿಲ್ಲದ ಕಡೆಯಿಂದ ಆ್ಯಪ್ ಹಾಕಿಕೊಳ್ಳಲು ಬಿಡಲೇ ಎಂದು ಫೋನು ಒಮ್ಮೆ ಕೇಳುತ್ತದೆ, ಎಸ್ಸೆಮ್ಮೆಸ್ ಓದಲು ಅನುಮತಿ ಕೊಡುತ್ತೀರಾ ಎಂದು ಮತ್ತೊಮ್ಮೆ ಕೇಳುತ್ತದೆ. ಎರಡಕ್ಕೂ ಹೂಂ ಎಂದ ಮೇಲೆ ಬ್ಯಾಂಕಿನಿಂದ ಬರುವ ಒಟಿಪಿ ಕಳ್ಳರಿಗೆ ತಲುಪುತ್ತದೆ. ಕಲಿಯಬೇಕಾದದ್ದು ಆ ಬಾಲ ಮತ್ತು ಆ ಎರಡು ಪ್ರಶ್ನೆ. ಬೆಚ್ಚಿಸುವ ವಿಡಿಯೋ ಇವುಗಳಲ್ಲಿ ಒಂದನ್ನೂ ಕಲಿಸುವುದಿಲ್ಲ. ಅದು ಬರುವುದು ಗುರುತಿನವರಿಂದ, ತೆರೆಯುವುದು ಸಾಚಾ ಯೂಟ್ಯೂಬಿನಲ್ಲಿ, ಯಾವ ಅನುಮತಿಯನ್ನೂ ಅದು ಕೇಳುವುದಿಲ್ಲ. ದೊಡ್ಡ ಕಂಪನಿಗಳು ನೌಕರರಿಗೆ ಸುಳ್ಳು ಮೋಸದ ಇಮೇಲ್ ಕಳಿಸಿ ಪರೀಕ್ಷಿಸುವುದುಂಟು. ಒತ್ತಿದವರಿಗೆ ಕೂಡಲೇ ಎಲ್ಲಿ ಎಡವಿದಿರಿ ಎಂದು ತೋರಿಸುವ ಪುಟ ತೆರೆಯುತ್ತದೆ. ಇಲ್ಲಿ ತೆರೆಯುವುದು ಪ್ರೇತ. ಇನ್ನೂ ಕೆಟ್ಟದ್ದೆಂದರೆ, ಅಪಾಯ ಎಂದರೆ ಚೀರುವಂಥದ್ದು ಎಂಬ ತಪ್ಪು ಚಿತ್ರ ಮನಸ್ಸಿನಲ್ಲಿ ಕೂರುತ್ತದೆ. ನಿಜವಾದ ಕಳ್ಳ ಫೈಲು ಸದ್ದೇ ಮಾಡುವುದಿಲ್ಲ.

ಸದ್ದು ಮಾಡಲೇಬೇಕಾದ ಸಂದರ್ಭಗಳು ಬೇರೆ ಇವೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಲಕ್ಷಾಂತರ ಫೋನುಗಳು ಹಿಂದೆಂದೂ ಕೇಳದ ಕರ್ಕಶ ದನಿಯಲ್ಲಿ ಬಡಿದುಕೊಂಡು, ನಡುಗಿ, ಪರದೆಯ ಮೇಲೆ ಎಚ್ಚರಿಕೆಯ ಪೆಟ್ಟಿಗೆಯೊಂದನ್ನು ತೋರಿಸಿದವು. ಪ್ರವಾಹ, ಭೂಕಂಪದಂಥ ವಿಪತ್ತಿನಲ್ಲಿ ಒಂದು ಪ್ರದೇಶದ ಎಲ್ಲ ಮೊಬೈಲುಗಳಿಗೂ ಒಮ್ಮೆಗೇ ಸುದ್ದಿ ಮುಟ್ಟಿಸುವ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯನ್ನು ಕೇಂದ್ರದ ದೂರಸಂಪರ್ಕ ಇಲಾಖೆ ರಾಜ್ಯದಲ್ಲಿ ಪರೀಕ್ಷಿಸಿದ ದಿನ ಅದು. ಮೈ ಹಾರುವುದರ ಮಟ್ಟಿಗೆ ಅದಕ್ಕೂ ಚೇಷ್ಟೆಯ ವಿಡಿಯೋಕ್ಕೂ ಏನೂ ವ್ಯತ್ಯಾಸವಿಲ್ಲ. ಬೇಕೆಂದೇ ಹಾಗೆ ಮಾಡಿದ್ದು, ನಿದ್ದೆಯಲ್ಲಿದ್ದವರೂ ಏಳಬೇಕು. ವ್ಯತ್ಯಾಸ ಇರುವುದು, ಪರೀಕ್ಷೆ ನಡೆಯಲಿದೆ ಎಂದು ಪತ್ರಿಕೆಗಳಲ್ಲಿ ಮೊದಲೇ ಬಂದಿತ್ತು, ಇದು ಬರೀ ಪರೀಕ್ಷೆ ಎಂದು ಸಂದೇಶವೇ ಹೇಳಿತು, ಕಳಿಸಿದವರು ಯಾರೆಂದೂ ತಿಳಿಸಿತು ಎಂಬಲ್ಲಿ. ನವಲಗುಂದ, ಕುಂದಗೋಳದವರಿಗೆ ಇದು ದೂರದ ಮಾತಲ್ಲ. ಬೆಣ್ಣಿಹಳ್ಳ, ತುಪರಿಹಳ್ಳಗಳು ಬೇಸಿಗೆಯಲ್ಲಿ ಕಾಲು ತೋಯದಷ್ಟು ಸಣ್ಣಗಿದ್ದು, ಮೇಲೆಲ್ಲೋ ಮಳೆ ಸುರಿದರೆ ಇಲ್ಲಿ ರಾತ್ರೋರಾತ್ರಿ ಎರಿಭೂಮಿಯನ್ನೂ ರಸ್ತೆಯನ್ನೂ ನುಂಗುವ ಹಳ್ಳಗಳು. ಸಿಡಿಲಿನ ಮುನ್ಸೂಚನೆಯೂ ಈಗ ಫೋನಿಗೇ ಬರುತ್ತದೆ. ಫೋನು ಚೀರಿದರೆ ಎದ್ದು ನೋಡಬೇಕು ಎಂಬ ರೂಢಿ ಈಗಷ್ಟೇ ಬೇರು ಬಿಡುತ್ತಿದೆ. ‘ಯಾರೋ ಹುಡುಗರ ಕಿತಬಿ ಇರಬೇಕು’ ಎಂದು ಪಕ್ಕಕ್ಕೆ ತಿರುಗಿ ಮಲಗುವ ರೂಢಿ ಅದಕ್ಕಿಂತ ಬೇಗ ಬೆಳೆಯಬಲ್ಲದು.

ಇಷ್ಟಕ್ಕೆಲ್ಲ ಒಂದು ತಮಾಷೆಯ ವಿಡಿಯೋವನ್ನು ಹೊಣೆ ಮಾಡುವುದು ಅತಿಯಾಯಿತು ಎನ್ನಬಹುದು. 2018ರ ಮಕ್ಕಳ ಕಳ್ಳರ ವದಂತಿಯ ಜೊತೆಗೆ ಇದನ್ನು ಹೋಲಿಸಿದರೆ ಖಂಡಿತ ಅತಿಯಾಗುತ್ತದೆ. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರು ಜನರ ಗುಂಪಿನ ಕೈಯಲ್ಲಿ ಸತ್ತರು. ದೇಶದಲ್ಲೆಲ್ಲ ಹರಿದಾಡಿದ್ದ ವಿಡಿಯೋಗಳಲ್ಲಿ ಒಂದು, ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಜಾಗೃತಿಗೆಂದು ಮಾಡಿದ ಕಿರುಚಿತ್ರದ ಕೊನೆಯನ್ನು ಕತ್ತರಿಸಿದ್ದು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಮುಂದೆ ಕಳಿಸದಂತೆ ವಾಟ್ಸ್‌ಆ್ಯಪ್ ಮಿತಿ ಹಾಕಿದ್ದು ಆಗಲೇ. ಚೀರುವ ಪ್ರೇತದ ವಿಡಿಯೋ ಯಾರನ್ನೂ ಹಾಗೆ ಕೊಂದಿಲ್ಲ, ಎರಡನ್ನೂ ಒಂದೇ ಗೂಟಕ್ಕೆ ಕಟ್ಟುವುದು ತಪ್ಪು. ವದಂತಿ ನಂಬಿಸುತ್ತದೆ, ಬೆಚ್ಚಿಸುವ ಲಿಂಕು ನಂಬಿಕೆ ಕೆಡಿಸುತ್ತದೆ. ಆದರೆ ಆ ಹೊತ್ತಿನಲ್ಲಿ ವದಂತಿಯನ್ನು ತಡೆಯಲು ಪೊಲೀಸರು, ಶಿಕ್ಷಕರು, ಪಂಚಾಯಿತಿಯವರು ಅದೇ ಫೋನಿನಿಂದ, ಅದೇ ಗ್ರೂಪುಗಳಿಗೆ ‘ಇದು ಸುಳ್ಳು’ ಎಂದು ಕಳಿಸಬೇಕಾಯಿತು. ಆ ಸಂದೇಶವನ್ನು ಜನ ತೆರೆದು ನೋಡಲು ಏನು ಬೇಕಿತ್ತೋ ಅದರ ಬಗ್ಗೆಯೇ ಇಲ್ಲಿ ಮಾತು.

ಮೈಗೆ ಆಗುವ ಅಪಾಯವನ್ನೂ ಉಬ್ಬಿಸಿ ಹೇಳಬೇಕಿಲ್ಲ. ಆರೋಗ್ಯವಾಗಿರುವವರ ಎದೆ ಒಂದೆರಡು ನಿಮಿಷದಲ್ಲಿ ತಹಬಂದಿಗೆ ಬರುತ್ತದೆ. ಹುಟ್ಟಿನಿಂದ ಬರುವ ಒಂದು ಬಗೆಯ ಹೃದಯಲಯದ ದೋಷ ಇರುವವರಿಗೆ ಒಮ್ಮೆಲೇ ಬರುವ ಸದ್ದು, ಅಲಾರಂ ಕೂಡ, ಕುತ್ತು ತರಬಹುದು. ಅಂಥವರು ವಿರಳ, ಆದರೆ ಎಷ್ಟೋ ಜನಕ್ಕೆ ತಮಗೆ ಅದಿದೆ ಎಂದು ಗೊತ್ತೇ ಇರುವುದಿಲ್ಲ. ಪಟಪಟನೆ ಮಿನುಗುವ ಬೆಳಕಿಗೆ ಮೂರ್ಛೆ ಬರುವವರೂ ಇದ್ದಾರೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪೊಕೆಮಾನ್ ಧಾರಾವಾಹಿಯ ಒಂದು ಕಂತಿನ ಮಿನುಗು ನೋಡಿ ಸುಮಾರು 685 ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆಗೆ ಹೋಗಬೇಕಾಯಿತು. ಮೂರ್ಛೆರೋಗಿಗಳಿಗೆ ಬೇಕೆಂದೇ ಅಂಥ ಚಿತ್ರ ಕಳಿಸುವುದನ್ನು ಬ್ರಿಟನ್ 2023ರ ಕಾನೂನಿನಲ್ಲಿ ಅಪರಾಧ ಮಾಡಿದೆ. ಆದರೆ ಬಹುಪಾಲು ಸಲ ಒಡೆಯುವುದು ಎದೆಯಲ್ಲ, ಫೋನಿನ ಗಾಜು. ಕೂಲಿಯ ಹಲವು ದಿನಗಳ ದುಡ್ಡು ಅಲ್ಲಿಗೆ ಹೋಯಿತು, ಅದನ್ನು ಕಟ್ಟಿಕೊಡಲು ನಕ್ಕವರು ಮುಂದೆ ಬರುವುದು ಅಪರೂಪ.

ಕಾನೂನು ಏನು ಹೇಳುತ್ತದೆ? ಕಿರಿಕಿರಿಯಾಗುವ ಸಂದೇಶ ಕಳಿಸಿದರೂ ಜೈಲಿಗೆ ಹಾಕಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು, ಒಳ್ಳೆಯದೇ ಆಯಿತು. ಹುಡುಗರ ಚೇಷ್ಟೆಗೆಲ್ಲ ಠಾಣೆಯ ಮೆಟ್ಟಿಲು ತೋರಿಸುವ ಅಸ್ತ್ರ ಯಾರ ಕೈಯಲ್ಲಿದ್ದರೂ ಅದು ಚೇಷ್ಟೆಗಿಂತ ಅಪಾಯದ್ದು. ಬೀದಿಗಿಳಿದರೆ ಮಾತು ಬೇರೆ. 2019ರ ನವೆಂಬರಿನಲ್ಲಿ ಬೆಂಗಳೂರಿನ ಯಶವಂತಪುರದ ಸುತ್ತ ರಾತ್ರಿ ಹೊತ್ತು ಬಿಳಿ ಬಟ್ಟೆ, ಕೆದರಿದ ಕೂದಲು ಹಾಕಿಕೊಂಡು ದೆವ್ವದ ವೇಷದಲ್ಲಿ ದಾರಿಹೋಕರನ್ನೂ ಆಟೋದವರನ್ನೂ ಅಡ್ಡಗಟ್ಟಿ ಬೆಚ್ಚಿಸಿ ಯೂಟ್ಯೂಬಿಗಾಗಿ ಚಿತ್ರಿಸುತ್ತಿದ್ದ 7 ಯುವಕರನ್ನು ಸೋಲದೇವನಹಳ್ಳಿ ಪೊಲೀಸರು ಬಂಧಿಸಿ, ಜಾಮೀನಿನ ಮೇಲೆ ಬಿಟ್ಟರು. ಅದೇ ವರ್ಷದ ಜನವರಿಯಲ್ಲಿ ಯೂಟ್ಯೂಬ್ ಕೂಡ ಜೀವಕ್ಕೆ ಅಪಾಯವಿದೆಯೆಂದು ನಂಬಿಸುವ, ಮಕ್ಕಳ ಮನಸ್ಸಿಗೆ ಘಾಸಿ ಮಾಡುವ ಚೇಷ್ಟೆಗಳ ವಿಡಿಯೋಗೆ ಜಾಗವಿಲ್ಲ ಎಂದು ಹೇಳಿತ್ತು. ಆ ಯುವಕರಿಗೆ ಬೇಕಾಗಿದ್ದದ್ದು ಬೆಚ್ಚಿದ ಮುಖದ ಚಿತ್ರ. ಹಳ್ಳಿಯ ಕಟ್ಟೆಯ ಮೇಲೂ ಆಗುವುದು ಇದೇ: ಅಜ್ಜಿ ಚೀರಿದ್ದು ಅರ್ಧ ಸೆಕೆಂಡು, ಸ್ಟೇಟಸ್ಸಿನಲ್ಲಿ ಚೀರುವುದು ಇಪ್ಪತ್ನಾಲ್ಕು ಗಂಟೆ, ಆಮೇಲೆ ರೀಲ್ಸಿನಲ್ಲಿ ವರ್ಷಗಟ್ಟಲೆ. ಸೆರಗು ಜಾರಿದ್ದು, ಬಾಯಿಂದ ಬಿದ್ದ ಮಾತು ಎಲ್ಲ ಅದರಲ್ಲಿರುತ್ತದೆ. ಮೈ ತನ್ನಷ್ಟಕ್ಕೆ ಮಾಡಿದ ಒಂದು ಚಲನೆಯನ್ನು ಆಕೆಯ ಗುರುತಾಗಿ ಮಾಡುವ ಈ ಭಾಗವೇ ಎಲ್ಲಕ್ಕಿಂತ ಹೊಲಸು. ಇದಕ್ಕೆ ಕಾನೂನು ಬೇಕಿಲ್ಲ, ‘ಅಳಿಸೋ ಅದನ್ನ’ ಎಂದು ಗದರುವ ಒಬ್ಬ ದೊಡ್ಡಮನುಷ್ಯ ಕಟ್ಟೆಯ ಮೇಲೆ ಇದ್ದರೆ ಸಾಕು.

ಕೊನೆಗೆ ಉಳಿಯುವ ಆಕ್ಷೇಪ ಚೇಷ್ಟೆ ಮಾಡುವವರದು: ಮೊದಲೇ ಹೇಳಿಬಿಟ್ಟರೆ ಮಜಾ ಎಲ್ಲಿ ಉಳೀತು? ಅವರಿಗೆ ಪ್ರಯೋಗಾಲಯದಿಂದ ಒಂದು ಒಳ್ಳೆಯ ಸುದ್ದಿ ಇದೆ. ಇನ್ನೇನೋ ಆಗಲಿದೆ, ಯಾವಾಗ ಎಂದು ಗೊತ್ತಿಲ್ಲ ಎಂದು ಹೇಳಿ ಕೂರಿಸಿದವರ ಮೈ ಸದ್ದಿಗೆ ಕಡಿಮೆಯಲ್ಲ, ಹೆಚ್ಚು ಹಾರುತ್ತದೆ. ಕೈಗೆ ಕರೆಂಟಿನ ಚುರುಕು ತಾಗಬಹುದು ಎಂದು ತಿಳಿಸಿಟ್ಟು ಮಾಡಿದ ಪ್ರಯೋಗಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ದೆವ್ವದ ಸಿನಿಮಾಕ್ಕೆ ಜನ ದುಡ್ಡು ಕೊಟ್ಟು, ಗೊತ್ತಿದ್ದೂ ಹೋಗಿ, ಕುರ್ಚಿ ಬಿಟ್ಟು ಹಾರುವುದೂ ಇದಕ್ಕೇ. ಆದ್ದರಿಂದ ಲಿಂಕಿನ ಮೇಲೆ ‘ಅಂಜಸೂದೈತಿ, ಸೌಂಡ್ ಕಡಿಮಿ ಮಾಡ್ರಿ, ಹುಡುಗರಿಗೆ ತೋರಸಬ್ಯಾಡ್ರಿ’ ಎಂದು ಒಂದು ಸಾಲು ಬರೆದು ಕಳಿಸಿದರೆ ಬೆಚ್ಚಬೇಕೆಂದು ಬಯಸಿದವರು ಮೊದಲಿಗಿಂತ ಜೋರಾಗಿ ಬೆಚ್ಚುತ್ತಾರೆ, ಸೌಂಡನ್ನು ಬೇಕೆಂದೇ ಏರಿಸುತ್ತಾರೆ, ಇನ್ನೊಬ್ಬರನ್ನು ಕರೆದು ಕೂರಿಸಿಕೊಳ್ಳುತ್ತಾರೆ. ಬೇಡವಾದವರು ಅದನ್ನು ಬಿಟ್ಟು ಗ್ರೂಪಿನ ಮುಂದಿನ ಮೆಸೇಜಿಗೆ ಹೋಗುತ್ತಾರೆ. ಅವರಿಗೆ ಬೇಕಾದ ಅಮರಗೋಳದ ಇವತ್ತಿನ ಕಡಲೆ ದರ ಅಲ್ಲಿರುತ್ತದೆ.